ಬಾಡಿಗೆಯಲ್ಲೇ ಕಂತು ತೀರುತ್ತದೆಯೇ?

ಬಾಡಿಗೆಗೆ ಕೊಡಲೆಂದು ಫ್ಲಾಟ್ ನೋಡಲು ಹೋದವರಿಗೆ ಬಿಲ್ಡರ್ ಕಚೇರಿಯಲ್ಲಿ ತಪ್ಪದೆ ಸಿಗುವ ಮಾತು ಒಂದಿದೆ: ‘ಲೋನ್ ಮಾಡ್ಕೊಳ್ಳಿ ಸಾರ್, ಬಾಡಿಗೆಯಲ್ಲೇ ಇಎಂಐ ಹೋಗುತ್ತೆ.’ ಮನೆಗೆ ಬಂದು ಕೇಳಿದರೆ ಹಿರಿಯರು ಹೇಳುವುದು ಇದಕ್ಕೆ ತದ್ವಿರುದ್ಧ: ‘ಸಾಲ ಮಾಡಿ ಆಸ್ತಿ ಮಾಡಬೇಡ, ಕೈಯಲ್ಲಿ ದುಡ್ಡು ಕೂಡಿದಾಗ ತಗೋ.’ ಹಿರಿಯರ ಮಾತಿಗೆ ಅವರು ಕಂಡ ಕಾಲವೇ ಕಾರಣ. ತೊಂಬತ್ತರ ದಶಕದ ನಡುವಿನಲ್ಲಿ ಗೃಹಸಾಲದ ಬಡ್ಡಿ ಶೇ 14ರ ಮೇಲಿತ್ತು. ಬಿಲ್ಡರ್ ಕಚೇರಿಯ ಮಾತಿಗೆ ಮೂಲ ಬೇರೆ ದೇಶದಲ್ಲಿದೆ. ಅಮೆರಿಕದಲ್ಲಿ 30 ವರ್ಷ ಕದಲದ ಬಡ್ಡಿಗೆ ಸಾಲ ಸಿಗುತ್ತದೆ, ಅಲ್ಲಿನ ಎಷ್ಟೋ ಊರುಗಳಲ್ಲಿ ಬಾಡಿಗೆ ಕಂತನ್ನು ಮೀರಿ ಉಳಿದ ಕಾಲವೂ ಇತ್ತು. ಅಲ್ಲಿಯ ಪುಸ್ತಕಗಳನ್ನು ಓದಿ ಬೆಂಗಳೂರಿನಲ್ಲಿ ಮನೆ ಕೊಂಡವರು ಬಹಳ ಮಂದಿ. ಇಲ್ಲಿಯ ಲೆಕ್ಕವೇ ಬೇರೆ.

ಒಂದು ಮನೆಯನ್ನೇ ಮುಂದಿಟ್ಟುಕೊಂಡು ನೋಡೋಣ. ಬೆಂಗಳೂರಿನ ಹೊರವಲಯದಲ್ಲಿ ಎರಡು ಕೋಣೆಯ ಫ್ಲಾಟ್, ಬೆಲೆ 80 ಲಕ್ಷ, ತಿಂಗಳ ಬಾಡಿಗೆ 24 ಸಾವಿರ. ಅಂದರೆ ವರ್ಷಕ್ಕೆ ಬೆಲೆಯ ಶೇ 3.6. ನಗರದ ವಸತಿ ಬಾಡಿಗೆ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿ, ಶೇ 3ರಿಂದ 4ರ ಆಸುಪಾಸಿನಲ್ಲಿ ಇರುತ್ತದೆ. ಬೆಲೆ 80 ಲಕ್ಷವಾದರೂ ಖರ್ಚು ಅಲ್ಲಿಗೆ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿತು. ಒಟ್ಟು ಆರು ಲಕ್ಷ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಯಿತು. ಈ ಹಣಕ್ಕೆ ಬ್ಯಾಂಕಿನಿಂದ ಗೃಹಸಾಲ ಸಿಗುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 10 ಲಕ್ಷದೊಳಗಿನ ಮನೆಗಳನ್ನು ಬಿಟ್ಟರೆ ನೋಂದಣಿ ವೆಚ್ಚವನ್ನು ಆಸ್ತಿಯ ಬೆಲೆಯಲ್ಲಿ ಸೇರಿಸಿಕೊಳ್ಳುವಂತಿಲ್ಲ.

ಇನ್ನು ಸಾಲ. 30 ಲಕ್ಷದವರೆಗಿನ ಸಾಲವಾದರೆ ಬ್ಯಾಂಕು ಬೆಲೆಯ ಶೇ 90ರವರೆಗೆ ಕೊಡಬಹುದು, 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ನಮ್ಮ ಫ್ಲಾಟಿಗೆ 60 ಲಕ್ಷ ಸಾಲ ಎಂದುಕೊಳ್ಳಿ, ಬಡ್ಡಿ ಶೇ 8.5, ಅವಧಿ 20 ವರ್ಷ. ತಿಂಗಳ ಕಂತು 52 ಸಾವಿರ. ಮೊದಲ ಕಂತಿನಲ್ಲಿ 42,500 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಒಂಬತ್ತೂವರೆ ಸಾವಿರ. 20 ವರ್ಷ ಮುಗಿಯುವಾಗ ಕಟ್ಟಿದ ಬಡ್ಡಿ 65 ಲಕ್ಷಕ್ಕೆ ಹತ್ತಿರ, ಪಡೆದ ಸಾಲಕ್ಕಿಂತ ಹೆಚ್ಚು.

ಬಾಡಿಗೆಯ ಕಡೆ 24 ಸಾವಿರವೂ ಕೈಗೆ ಬರುವುದಿಲ್ಲ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ವರ್ಷಕ್ಕೊಂದು ತಿಂಗಳು ಖಾಲಿ ಹೋದರೆ ಆಶ್ಚರ್ಯವಿಲ್ಲ. ಬ್ರೋಕರ್ ಕಮಿಷನ್, ಪೇಂಟಿಂಗ್, ಕಂದಾಯ, ಸೋರುವ ಬಾತ್‌ರೂಮು ಎಲ್ಲ ಕಳೆದರೆ ತಿಂಗಳಿಗೆ 20 ಸಾವಿರ ನಿಂತರೆ ಪುಣ್ಯ. ಕಂತಿಗೂ ಬಾಡಿಗೆಗೂ ನಡುವೆ 32 ಸಾವಿರದ ಕಂದಕ. ಅದನ್ನು ತಿಂಗಳು ತಿಂಗಳೂ ತುಂಬುವುದು ಮಾಲೀಕರ ಸಂಬಳ. ಬಾಡಿಗೆ ವರ್ಷಕ್ಕೆ ಶೇ 5ರಂತೆ ಏರುತ್ತಲೇ ಹೋದರೂ 24 ಸಾವಿರ 52 ಸಾವಿರವಾಗಲು ಹದಿನಾರು ವರ್ಷ ಬೇಕು. ‘ಬಾಡಿಗೆಯಲ್ಲೇ ಇಎಂಐ’ ಎಂಬುದು ಸಾಲದ ಕೊನೆಯ ನಾಲ್ಕು ವರ್ಷಕ್ಕೆ ಮಾತ್ರ ಸಲ್ಲುವ ಮಾತು.

ಹಾಗಾದರೆ ಈ ಮನೆಯ ಬಾಡಿಗೆ ಎಷ್ಟು ಸಾಲ ತಡೆಯುತ್ತದೆ? ಕೈಗೆ ಬರುವ 20 ಸಾವಿರವನ್ನೇ ಕಂತೆಂದು ಇಟ್ಟರೆ 23 ಲಕ್ಷ. ಬೆಲೆಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಸಾಲವೋ ಸ್ವಂತ ಹಣವೋ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಅಂಕಿಯನ್ನೇ. ಬಾಡಿಗೆ ಆದಾಯಕ್ಕೆಂದೇ ಫ್ಲಾಟ್ ಕೊಳ್ಳುವುದಾದರೆ ಕಾಲು ಭಾಗದವರೆಗಿನ ಸಾಲವನ್ನು ಮನೆಯೇ ಹೊರುತ್ತದೆ. ಅದರ ಮೇಲಿನದನ್ನು ನೀವು ಹೊರುತ್ತೀರಿ.

ಆದರೂ ಲಕ್ಷಾಂತರ ಜನ ಮುಕ್ಕಾಲು ಭಾಗ ಸಾಲ ಮಾಡಿಯೇ ಕೊಳ್ಳುತ್ತಾರೆ, ಅವರಲ್ಲಿ ಅನೇಕರು ಗೆದ್ದೂ ಇದ್ದಾರೆ. ಅವರನ್ನು ಗೆಲ್ಲಿಸಿದ್ದು ಬಾಡಿಗೆಯಲ್ಲ, ಬೆಲೆಯ ಏರಿಕೆ. ಇದನ್ನು ಬಿಡಿಸಿ ಹೇಳಲೇಬೇಕು. ಮನೆ ಬಾಡಿಗೆಯಿಂದ ಬೆಲೆಯ ಶೇ 3ರಷ್ಟು ನಿವ್ವಳವಾಗಿ ತರುತ್ತದೆ, ಸಾಲ ಶೇ 8.5 ಕೇಳುತ್ತದೆ. ನಡುವಿನ ಐದೂವರೆ ಶೇಕಡವನ್ನು ಬೆಲೆ ಪ್ರತಿವರ್ಷ ತುಂಬಿಕೊಡಬೇಕು. ಬೆಲೆ ಅದಕ್ಕಿಂತ ಜೋರಾಗಿ ಏರಿದರೆ ಸಾಲ ಮಾಡಿದವರಿಗೆ ಲಾಭ. ಹಾಕಿದ 26 ಲಕ್ಷದ ಮೇಲೆ 80 ಲಕ್ಷದ ಆಸ್ತಿಯ ಏರಿಕೆ ಪೂರ್ತಿ ಅವರದೇ. ಅದಕ್ಕಿಂತ ನಿಧಾನವಾದರೆ ಪ್ರತಿವರ್ಷವೂ ನಷ್ಟ, ಅದು ಸಾಲ ದೊಡ್ಡದಿದ್ದಷ್ಟೂ ದೊಡ್ಡದು. ಕೊಳ್ಳುವಾಗಿನ ನೋಂದಣಿ ವೆಚ್ಚ, ಮಾರುವಾಗಿನ ಕಮಿಷನ್, ಲಾಭದ ಮೇಲಿನ ತೆರಿಗೆ ಸೇರಿಸಿದರೆ ಐದೂವರೆ ಸಾಲದು, ಏಳರ ಹತ್ತಿರ ಬೇಕಾಗುತ್ತದೆ. ಎರಡು ವರ್ಷ ಇಟ್ಟುಕೊಂಡು ಮಾರಿದ ಆಸ್ತಿಯ ಲಾಭಕ್ಕೆ 2024ರ ಜುಲೈ 23ರಿಂದ ಶೇ 12.5 ತೆರಿಗೆ. ಹಣದುಬ್ಬರದ ಹೊಂದಾಣಿಕೆ ಇಲ್ಲ, ಆ ದಿನಕ್ಕೆ ಮೊದಲೇ ಕೊಂಡವರಿಗೆ ಮಾತ್ರ ಹಳೆಯ ಶೇ 20ರ ಲೆಕ್ಕವನ್ನು ಆಯ್ದುಕೊಳ್ಳುವ ಅವಕಾಶ ಉಳಿದಿದೆ.

ಬೆಲೆ ಏರುವುದು ಕಟ್ಟಡದ್ದಲ್ಲ, ನೆಲದ್ದು ಎಂಬುದನ್ನೂ ಮರೆಯಬಾರದು. ಇನ್ನೂರು ಮನೆಗಳ ಸಮುಚ್ಚಯದಲ್ಲಿ ಒಂದು ಫ್ಲಾಟಿಗೆ ಸೇರುವ ಅವಿಭಜಿತ ನೆಲದ ಪಾಲು ಕೆಲವೇ ನೂರು ಚದರಡಿ. ಕಟ್ಟಡ ಹಳತಾಗುತ್ತದೆ, ಪಕ್ಕದಲ್ಲೇ ಹೊಸದು ಏಳುತ್ತದೆ, ಬಾಡಿಗೆದಾರರು ಅಲ್ಲಿಗೆ ಹೋಗುತ್ತಾರೆ.

ತೆರಿಗೆ ಉಳಿಯುತ್ತದಲ್ಲ ಎಂಬ ವಾದಕ್ಕೆ ಬರೋಣ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಲ್ಲಿ ಮಿತಿಯಿಲ್ಲದೆ ಕಳೆಯಬಹುದು. ಕಂದಾಯ ಕಳೆದ ಬಾಡಿಗೆಯಲ್ಲಿ ಶೇ 30ರಷ್ಟನ್ನು ರಿಪೇರಿ ಮುಂತಾದವಕ್ಕೆಂದು, ಖರ್ಚಾಗಲಿ ಬಿಡಲಿ, ಕಳೆಯಲು ಅವಕಾಶವಿದೆ. ಈ ಎರಡನೆಯದು ಸಾಲ ಇಲ್ಲದವರಿಗೂ ಸಿಗುತ್ತದೆ. ನಮ್ಮ ಫ್ಲಾಟಿನಲ್ಲಿ ಹನ್ನೊಂದು ತಿಂಗಳ ಬಾಡಿಗೆ 2.64 ಲಕ್ಷ. ಎಂಟು ಸಾವಿರ ಕಂದಾಯ, ಶೇ 30 ಕಳೆದು ಉಳಿಯುವುದು 1.79 ಲಕ್ಷ. ಸ್ವಂತ ಹಣದಲ್ಲಿ ಕೊಂಡವರು ಶೇ 30ರ ತೆರಿಗೆ ಹಂತದಲ್ಲಿದ್ದರೆ ಇದಕ್ಕೆ ಸುಮಾರು 56 ಸಾವಿರ ಕಟ್ಟುತ್ತಾರೆ. ಸಾಲ ಮಾಡಿದವರಿಗೆ ಮೊದಲ ವರ್ಷದ ಬಡ್ಡಿಯೇ 5.05 ಲಕ್ಷ, ಆದ್ದರಿಂದ ತೆರಿಗೆ ಸೊನ್ನೆ, ಮೇಲೆ 3.26 ಲಕ್ಷ ನಷ್ಟ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಈ ನಷ್ಟದಲ್ಲಿ ಎರಡು ಲಕ್ಷವನ್ನು ಸಂಬಳದಲ್ಲಿ ಕಳೆಯಬಹುದು. 2017ರವರೆಗೆ ಆ ಮಿತಿಯೂ ಇರಲಿಲ್ಲ, ಎರಡನೇ ಮನೆ ಕೊಳ್ಳಲು ಅದೇ ದೊಡ್ಡ ಆಕರ್ಷಣೆಯಾಗಿತ್ತು. ಉಳಿದದ್ದನ್ನು ಎಂಟು ವರ್ಷದವರೆಗೆ ಮುಂದಕ್ಕೊಯ್ದು ಬಾಡಿಗೆ ಆದಾಯದಲ್ಲಿ ಕಳೆದುಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಮನೆಯ ನಷ್ಟವನ್ನು ಸಂಬಳದಲ್ಲಿ ಕಳೆಯುವಂತೆಯೇ ಇಲ್ಲ. ಈಗ ಹೆಚ್ಚಿನವರು ಹೊಸ ಪದ್ಧತಿಯಲ್ಲಿದ್ದಾರೆ. ಅವರಿಗೆ ಸಾಲದಿಂದ ಉಳಿಯುವ ತೆರಿಗೆ ವರ್ಷಕ್ಕೆ ಆ 56 ಸಾವಿರವೊಂದೇ. 56 ಸಾವಿರ ಉಳಿಸಲು ಐದು ಲಕ್ಷ ಬಡ್ಡಿ ಕಟ್ಟುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ.

ಕಂತು 20 ವರ್ಷ ಒಂದೇ ರೀತಿ ಇರುತ್ತದೆಂದು ನಂಬುವುದು ಇನ್ನೊಂದು ಅಪಾಯ. ನಮ್ಮಲ್ಲಿ ಬಹುತೇಕ ಗೃಹಸಾಲ ಬದಲಾಗುವ ಬಡ್ಡಿಯದು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಸಾಲ ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಅಂಟಿಕೊಂಡಿದೆ. 2022ರ ಮೇ ತಿಂಗಳಲ್ಲಿ ಶೇ 4 ಇದ್ದ ರೆಪೊ 2023ರ ಫೆಬ್ರುವರಿಯಲ್ಲಿ 6.5 ಆಯಿತು. ಒಂಬತ್ತೇ ತಿಂಗಳು. ಅದಕ್ಕೆ ಮೊದಲು ಶೇ 6.75ಕ್ಕೆ 60 ಲಕ್ಷ ಪಡೆದವರ ಕಂತು 45,600 ರೂಪಾಯಿ ಇತ್ತು. ದರ 9.25 ಆದಾಗ 60 ಲಕ್ಷದ ತಿಂಗಳ ಬಡ್ಡಿಯೇ 46,250. ಕಂತು ಹೆಚ್ಚಿಸದೆ ಅವಧಿ ಬೆಳೆಸುತ್ತ ಹೋದ ಸಾಲಗಳಲ್ಲಿ ಕಟ್ಟಿದ ಹಣವೆಲ್ಲ ಬಡ್ಡಿಗೇ ಸೇರಿತು, ಅಸಲು ಕದಲಲಿಲ್ಲ. ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದ್ದು ಈ ಕಾರಣಕ್ಕೆ. 2025ರಲ್ಲಿ ರೆಪೊ ಇಳಿಯಿತು ನಿಜ. ಬಾಡಿಗೆ ಮಾತ್ರ ರೆಪೊ ನೋಡಿಕೊಂಡು ಏರಿಳಿಯುವುದಿಲ್ಲ.

2020 ಕಲಿಸಿದ್ದು ಇನ್ನೂ ಕಠಿಣ ಪಾಠ. ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಎಂದ ಮೇಲೆ ವೈಟ್‌ಫೀಲ್ಡ್, ಮಾರತ್ತಹಳ್ಳಿ, ಬೆಳ್ಳಂದೂರುಗಳಲ್ಲಿ ಹುಡುಗರು ಸಾಮಾನು ಕಟ್ಟಿಕೊಂಡು ಊರಿಗೆ ಹೋದರು, ಪಿ.ಜಿ.ಗಳು ಖಾಲಿಯಾದವು, ‘ಟು ಲೆಟ್’ ಬೋರ್ಡು ತಿಂಗಳುಗಟ್ಟಲೆ ನೇತಾಡಿತು. ಸಾಲವಿಲ್ಲದ ಮಾಲೀಕರು ಬಾಡಿಗೆ ಇಳಿಸಿ, ಇಲ್ಲವೇ ಖಾಲಿ ಬಿಟ್ಟು ಕಾದರು. ಸಾಲವಿದ್ದವರಿಗೆ ಆರು ತಿಂಗಳ ಕಂತು ಮುಂದೂಡಿಕೆ ಸಿಕ್ಕಿತಾದರೂ ಆ ಅವಧಿಯ ಬಡ್ಡಿ ಅಸಲಿಗೆ ಸೇರಿಕೊಂಡಿತು. ಕಂತು 90 ದಿನ ಬಾಕಿಯಾದರೆ ಸಾಲ ಎನ್‌ಪಿಎ (ವಸೂಲಾಗದ ಸಾಲ), ಆಮೇಲೆ ಮನೆ ವಶಪಡಿಸಿಕೊಳ್ಳುವ ಮುನ್ನ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು. ಬಾಡಿಗೆಗೆಂದು ಸಾಲ ಮಾಡುವವರು ಕನಿಷ್ಠ ಆರು ತಿಂಗಳ ಕಂತನ್ನು ಮುಟ್ಟದೆ ಬೇರೆ ಇಡಬೇಕು. ಮುಂಗಡಕ್ಕೆ ಚೀಟಿ ಎತ್ತಿ, ಚಿನ್ನ ಅಡವಿಟ್ಟು, ಉಳಿದದ್ದಕ್ಕೆ ಪರ್ಸನಲ್ ಲೋನ್ ಮಾಡಿ ಬಾಡಿಗೆ ಮನೆ ಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ಆ ಮನೆಯಲ್ಲಿ ಅವರದೆಂಬ ಒಂದು ರೂಪಾಯಿಯೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ, ಸಾಲ ಮಾಡಲೇಬೇಕಾದ ಸಂದರ್ಭವನ್ನೂ ಹೇಳಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆ ಎಲ್ಲೇ ಆಗಲಿ ಮಧ್ಯಮ ವರ್ಗದ ಬಾಡಿಗೆ ಮನೆ ಎಂದರೆ ಮುಖ್ಯವಾಗಿ ಫ್ಲಾಟಲ್ಲ. 30×40 ಸೈಟಿನ ಮೇಲೆ ಕೆಳಗೆ ಓನರ್, ಮೇಲೆ ಎರಡು ಮನೆ. ಇಲ್ಲಿ ಲೆಕ್ಕ ತಿರುಗಿಬಿಡುತ್ತದೆ. ಸೈಟು ಅಪ್ಪನ ಕಾಲದ್ದು, ಅದಕ್ಕೆ ಈಗ ಖರ್ಚಿಲ್ಲ. ಮೇಲೆ 850 ಚದರಡಿಯ ಎರಡು ಮನೆ ಕಟ್ಟಲು ಚದರಡಿಗೆ 2,300ರಂತೆ 39 ಲಕ್ಷ. ಒಂದೊಂದಕ್ಕೆ 18 ಸಾವಿರ ಬಾಡಿಗೆ ಎಂದರೂ ವರ್ಷಕ್ಕೆ 4.32 ಲಕ್ಷ, ಹಾಕಿದ ಹಣದ ಶೇ 11. ಇದಕ್ಕೆ 25 ಲಕ್ಷ ಸಾಲ ತೆಗೆದರೆ ಕಂತು 21,700. ಖಾಲಿ ತಿಂಗಳು, ರಿಪೇರಿ ಕಳೆದರೂ ತಿಂಗಳಿಗೆ 30 ಸಾವಿರ ಕೈಯಲ್ಲಿರುತ್ತದೆ, ಕಂತು ಕಟ್ಟಿ ಎಂಟು ಸಾವಿರ ಮಿಗುತ್ತದೆ. ಬಾಡಿಗೆಯಲ್ಲೇ ಇಎಂಐ ಎಂಬ ಮಾತು ನಿಜವಾಗುವುದು ಇಲ್ಲಿ. ಮಂಜೂರಾದ ನಕ್ಷೆ, ಇ-ಖಾತಾ, ನಕ್ಷೆಯಂತೆ ಕಟ್ಟುವ ಶಿಸ್ತು ಇದ್ದರೆ ಇಂಥ ಸಾಲಕ್ಕೆ ಹೆದರಬೇಕಿಲ್ಲ. ಮೂರರ ನಕ್ಷೆಗೆ ಐದು ಅಂತಸ್ತು ಎಬ್ಬಿಸುವವರಿಗೆ ಈ ಮಾತು ಅನ್ವಯಿಸದು.

ಸ್ವಂತ ಹಣದ ದಾರಿಗೂ ಅದರದೇ ತೊಡಕುಗಳಿವೆ. ನಮ್ಮ ಫ್ಲಾಟಿಗೆ 86 ಲಕ್ಷ ಸುರಿದವರಿಗೆ ತೆರಿಗೆ ಕಳೆದು ವರ್ಷಕ್ಕೆ 1.84 ಲಕ್ಷ ಸಿಗುತ್ತದೆ, ಶೇ 2ಕ್ಕಿಂತ ತುಸು ಹೆಚ್ಚು. ಬ್ಯಾಂಕಿನ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಬಾಡಿಗೆ ಏರುತ್ತದೆ, ಆಸ್ತಿ ಬೆಳೆಯುತ್ತದೆ ಎಂಬ ಕಾರಣಕ್ಕೆ ಇದನ್ನು ಒಪ್ಪಿಕೊಳ್ಳಬಹುದೇ ಹೊರತು ತಿಂಗಳ ಖರ್ಚಿಗೆ ಇದನ್ನೇ ನಂಬಿ ಕೂರಲಾಗದು. ನಿವೃತ್ತರಾದವರು ಪಿ.ಎಫ್., ಗ್ರಾಚ್ಯುಯಿಟಿ ಎಲ್ಲವನ್ನೂ ಒಂದೇ ಮನೆಗೆ ಹಾಕುವುದನ್ನು ಎಲ್ಲ ಊರುಗಳಲ್ಲೂ ನೋಡುತ್ತೇವೆ. ಆಸ್ಪತ್ರೆಯಲ್ಲಿ ಐದು ಲಕ್ಷ ಬೇಕಾದ ದಿನ ಮನೆಯ ಒಂದು ಕೋಣೆ ಮಾರಲು ಬರುವುದಿಲ್ಲ. ಅವರಿಗೆ ನಾನು ಹೇಳುವುದು ಇಷ್ಟು: ಕೈಯಲ್ಲಿರುವುದರ ಅರ್ಧಕ್ಕಿಂತ ಹೆಚ್ಚನ್ನು ಮನೆಗೆ ಹಾಕಬೇಡಿ, ಆ ಅರ್ಧದಲ್ಲಿ ಬರುವಂಥ ಮನೆ ನೋಡಿ.

ದುಡಿಯುವ ವಯಸ್ಸಿನವರ ಕೈಯಲ್ಲಿ ಹಣವಿದ್ದರೆ ನಡುವಣ ದಾರಿಯಿದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲವೂ ಕೆಲವು ಬ್ಯಾಂಕುಗಳಲ್ಲಿ ಸಿಗುತ್ತದೆ. ಕೈಯಲ್ಲಿರುವ ಹಣವನ್ನು ಸಾಲದ ಖಾತೆಯಲ್ಲೇ ಇಟ್ಟರೆ ಅಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕೆಂದಾಗ ತೆಗೆಯಬಹುದು. ಬಡ್ಡಿದರ ತುಸು ಹೆಚ್ಚಿದ್ದರೂ ಎಫ್‌ಡಿಯಲ್ಲಿ ಶೇ 6.5 ಪಡೆದು ಸಾಲಕ್ಕೆ 8.5 ಕಟ್ಟುವುದಕ್ಕಿಂತ ಇದು ವಾಸಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ ಐದು ಸಾವಿರ ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್‌ನಿಂದ ಇದೆ.

ಪೂರ್ತಿ ಹಣ ಕೈಯಲ್ಲಿದ್ದವರಿಗೆ ಚೌಕಾಸಿಯಲ್ಲಿ ಬಲ ಜಾಸ್ತಿ. ಬ್ಯಾಂಕು ಹರಾಜು ಹಾಕುವ ಮನೆಗಳಲ್ಲಂತೂ ಕೂಗಿದ ಕೂಡಲೇ ಕಾಲು ಭಾಗ, ಮಾರಾಟ ಸ್ಥಿರವಾದ ಹದಿನೈದು ದಿನದಲ್ಲಿ ಉಳಿದದ್ದು ಕಟ್ಟಬೇಕು. ಸಾಲ ನೆಚ್ಚಿಕೊಂಡವರು ಅಲ್ಲಿ ಎಡವುತ್ತಾರೆ. ಆದರೆ ‘ಕ್ಯಾಶ್ ಪಾರ್ಟಿ’ ಎಂಬ ಮಾತಿಗೆ ಬ್ರೋಕರ್‌ಗಳ ಬಾಯಲ್ಲಿ ಇನ್ನೆರಡು ಅರ್ಥಗಳಿವೆ, ಎರಡರಿಂದಲೂ ದೂರ ಇರಬೇಕು. ಒಂದು, ನೋಟಿನ ಕಂತೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು 2015ರ ಜೂನ್‌ನಿಂದ ನಿಷಿದ್ಧ, ಪಡೆದಷ್ಟೇ ದಂಡ. ಕಪ್ಪಿನಲ್ಲಿ ಕೊಟ್ಟ ಹಣ ನಾಳೆ ಮಾರುವಾಗ ಕೊಂಡ ಬೆಲೆಯಲ್ಲಿ ಲೆಕ್ಕಕ್ಕೂ ಬರದು. ಇನ್ನೊಂದು, ‘ಇದಕ್ಕೆ ಲೋನ್ ಆಗಲ್ಲ ಸಾರ್, ಕ್ಯಾಶ್ ಆದ್ರೆ ಅರ್ಧ ರೇಟು.’ ಬಿ-ಖಾತಾ, ರೆವಿನ್ಯೂ ಸೈಟು, ಪತ್ರ ಸರಿಯಿಲ್ಲದ ಮನೆಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಮುಂದೆ ಬರುವುದಿಲ್ಲ. ಬೆಲೆ ಕಡಿಮೆ ಇರುವುದು ಅದಕ್ಕೇ. ನೀವು ಮಾರಹೊರಟಾಗಲೂ ಕೊಳ್ಳುವವರಿಗೆ ಲೋನ್ ಆಗುವುದಿಲ್ಲ. ಸಾಲ ಬೇಡವಾದರೂ ಪತ್ರಗಳನ್ನು ವಕೀಲರಿಂದ ಬ್ಯಾಂಕಿನಷ್ಟೇ ಕಟ್ಟುನಿಟ್ಟಾಗಿ ನೋಡಿಸಬೇಕು. ಬ್ಯಾಂಕಿನ ಪರಿಶೀಲನೆ ಸಿಗಲೆಂದೇ ಚಿಕ್ಕ ಸಾಲ ತೆಗೆಯುವವರೂ ಇದ್ದಾರೆ, ಅದು ತಪ್ಪಲ್ಲ.

ಗಲ್ಫಿನಲ್ಲಿ ದುಡಿದು ಮಂಗಳೂರು, ಉಡುಪಿಗಳಲ್ಲಿ ಫ್ಲಾಟ್ ಕೊಳ್ಳುವ ನಮ್ಮವರು ಹೆಚ್ಚಾಗಿ ಉಳಿತಾಯದಲ್ಲೇ ಕೊಳ್ಳುತ್ತಾರೆ. ಅವರು ಗಮನಿಸಬೇಕಾದ್ದು, ಅನಿವಾಸಿ ಮಾಲೀಕರಿಗೆ ಕೊಡುವ ಬಾಡಿಗೆಯಲ್ಲಿ ಬಾಡಿಗೆದಾರರೇ ಶೇ 30ಕ್ಕೂ ಹೆಚ್ಚು ತೆರಿಗೆ ಹಿಡಿದು ಕಟ್ಟಬೇಕು. ಎಷ್ಟೋ ಬಾಡಿಗೆದಾರರಿಗೆ ಇದು ತಿಳಿದಿರುವುದಿಲ್ಲ. ಬಾಡಿಗೆ ಆದಾಯವೊಂದೇ ಗುರಿಯಾಗಿದ್ದು ಕೈಯಲ್ಲಿ ಕೆಲವೇ ಲಕ್ಷ ಇದ್ದವರು ಮನೆಯನ್ನೇ ಕೊಳ್ಳಬೇಕೆಂದಿಲ್ಲ. 2019ರಲ್ಲಿ ಷೇರುಪೇಟೆಗೆ ಬಂದ ದೇಶದ ಮೊದಲ ರೀಟ್, ಬೆಂಗಳೂರಿನ ಮಾನ್ಯತಾ ಪಾರ್ಕನ್ನು ಒಳಗೊಂಡ ಎಂಬಸಿ, ಕಚೇರಿ ಕಟ್ಟಡಗಳ ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುತ್ತದೆ. ವಿತರಿಸಬಹುದಾದ ಹಣದಲ್ಲಿ ಶೇ 90 ಹಂಚಲೇಬೇಕೆಂಬುದು ಸೆಬಿ ನಿಯಮ. ಬೆಲೆ ಏರಿಳಿಯುತ್ತದೆ, ಆದರೆ ಸಾಲ ಬೇಕಿಲ್ಲ.

ಕೊನೆಗೆ ಕರ್ನಾಟಕದಲ್ಲಿ ಬ್ಯಾಂಕಿಗಿಂತ ಹಳೆಯದಾದ ಸಾಲದ ಮಾತು: ಭೋಗ್ಯ, ಬೆಂಗಳೂರಿನ ಬಾಯಲ್ಲಿ ‘ಲೀಸ್’. ಬಾಡಿಗೆದಾರರು ಒಂದೇ ಗಂಟಾಗಿ ಹಣ ಕೊಡುತ್ತಾರೆ, ಬಾಡಿಗೆ ಇಲ್ಲ, ಎರಡು ಮೂರು ವರ್ಷದ ಮೇಲೆ ಅಷ್ಟೂ ಹಣ ವಾಪಸ್. ಮೊದಲ ಮಹಡಿಯ ಲೀಸ್ ಹಣದಲ್ಲಿ ಎರಡನೇ ಮಹಡಿ ಎಬ್ಬಿಸಿದ ಮನೆಗಳು ನಮ್ಮ ಬಡಾವಣೆಗಳಲ್ಲಿ ಸಾಲುಸಾಲಾಗಿವೆ. ಇದು ಬಡ್ಡಿಯಿಲ್ಲದ ಹಣ ಎಂದೇ ಮಾಲೀಕರು ತಿಳಿಯುತ್ತಾರೆ. 15 ಸಾವಿರ ಬಾಡಿಗೆ ಬರಬಹುದಾದ ಮನೆಯನ್ನು 15 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ 1.80 ಲಕ್ಷ ಬಾಡಿಗೆ ಬಿಟ್ಟಂತೆ. ಅಂದರೆ ಶೇ 12ರ ಬಡ್ಡಿ, ಬ್ಯಾಂಕಿಗಿಂತ ದುಬಾರಿ. ಆ ಹಣ ಸಿಮೆಂಟು, ಕಬ್ಬಿಣವಾಗಿ ಹೋಗಿರುತ್ತದೆ, ಬಿಡುವವರಿಗೆ ಕೊಡಲು ಹೊಸಬರ ಗಂಟಿಗೆ ಕಾಯಬೇಕು. ಹೊಸಬರು ಬರದಿದ್ದರೆ ಎರಡು ಕುಟುಂಬಗಳ ನಡುವೆ ಜಗಳ, ಠಾಣೆ, ಕೋರ್ಟು.

ಬ್ಯಾಂಕಿನಲ್ಲಿ ಅಡವಿರುವ ಮನೆಯನ್ನು ಆ ವಿಷಯ ಮುಚ್ಚಿಟ್ಟು ಭೋಗ್ಯಕ್ಕೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಕಂತು ನಿಂತರೆ ಮೊದಲ ಹಕ್ಕು ಬ್ಯಾಂಕಿನದು, ಭೋಗ್ಯಕ್ಕೆ ಬಂದವರ ಜೀವಮಾನದ ಉಳಿತಾಯ ಬೀದಿಗೆ ಬೀಳುತ್ತದೆ. ಸಾಲವಿರುವ ಮಾಲೀಕರು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಕೊಡಬೇಡಿ, ಪಡೆದ ಗಂಟನ್ನು ಮೊದಲು ಆ ಸಾಲಕ್ಕೇ ಕಟ್ಟಿ, ಪತ್ರವನ್ನು ನೋಂದಾಯಿಸಿ. ಭೋಗ್ಯಕ್ಕೆ ಹೋಗುವವರು ಋಣಭಾರ ಪತ್ರ (ಇ.ಸಿ.) ತೆಗೆಸುವುದರ ಜೊತೆಗೆ ಮೂಲಪತ್ರಗಳನ್ನೇ ಕಣ್ಣಾರೆ ನೋಡಬೇಕು. ಪತ್ರ ಒತ್ತೆಯಿಟ್ಟು ಮಾಡಿದ ಅಡಮಾನ ನೋಂದಣಿಯಾಗದಿದ್ದರೆ ಇ.ಸಿ.ಯಲ್ಲಿ ಕಾಣುವುದಿಲ್ಲ. ಬ್ಯಾಂಕುಗಳು ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ 2011ರಿಂದ ಇದೆ. ಸಣ್ಣ ಶುಲ್ಕ ಕಟ್ಟಿ ಅದನ್ನು ಯಾರು ಬೇಕಾದರೂ ಹುಡುಕಬಹುದು. ಮುಂಗಡ ಕೊಡುವ ಮೊದಲೇ ಹುಡುಕಿ.